ಹೆಸರಿನಲ್ಲೇ ಕರ್ನಾಟಕ ಹೊತ್ತ ಗಾಯಕಿ

(ಚೆಂಬೂರಿನಲ್ಲಿ ನಮ್ಮ ಕನ್ನಡ ಕಾರ್ಯಕ್ರಮದ ಕೇಳುಗರು ಸೇರಿದ್ದ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಇಷ್ಟು ದಿನ ದನಿಯ ಪರಿಚಯ ಮಾತ್ರ ಇದ್ದವರಿಗೆ ಇವತ್ತು ಮುಖದ ಪರಿಚಯವೂ ಆಯಿತು. ಸ್ಟುಡಿಯೋದಲ್ಲಿ ಒಂದು ಹಾಡಿಗೂ ಇನ್ನೊಂದು ಹಾಡಿಗೂ ನಡುವೆ ನಮಗೆ ಸಿಗುವುದು ಅರ್ಧ ನಿಮಿಷ. ನೀವು ಇಲ್ಲಿ ಅರ್ಧ ಗಂಟೆ ಕೊಟ್ಟಿದ್ದೀರಿ. ಆ ಅರ್ಧ ಗಂಟೆಯನ್ನು ಒಬ್ಬರೇ ಗಾಯಕಿಗೆ ಮೀಸಲಿಡೋಣ ಎಂದುಕೊಂಡು ಬಂದಿದ್ದೇನೆ. ಅವರ ಹೆಸರು ಅಮೀರಬಾಯಿ ಕರ್ನಾಟಕಿ.

ಹೆಸರು ಕೇಳಿದ ಕೂಡಲೇ ಮುಂದಿನ ಸಾಲಿನ ಕೆಲವು ಹಿರಿಯರು ತಲೆಯಾಡಿಸಿದರು. ಹಿಂದಿನ ಸಾಲಿನ ಯುವಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಅಮೀರಬಾಯಿ ತೀರಿಕೊಂಡದ್ದು 1965ರಲ್ಲಿ. ಅವರ ಹಾಡುಗಳು ನಾಡೆಲ್ಲ ಮೊಳಗಿದ್ದು ಅದಕ್ಕೂ ಇಪ್ಪತ್ತು ವರ್ಷ ಮೊದಲು. ಆದರೆ ಆ ಹೆಸರಿನ ಕೊನೆಯಲ್ಲಿರುವ ಪದವನ್ನು ಒಮ್ಮೆ ಗಮನಿಸಿ: ಕರ್ನಾಟಕಿ. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೂ ಸುಮಾರು ನಾಲ್ಕು ದಶಕ ಮೊದಲೇ ಈ ಮುಂಬಯಿಯಲ್ಲಿ ಒಬ್ಬ ಹೆಣ್ಣುಮಗಳು ಆ ಹೆಸರನ್ನು ತನ್ನ ಹೆಸರಿನ ಜೊತೆ ಕಟ್ಟಿಕೊಂಡು, ಗ್ರಾಮಫೋನ್ ಪ್ಲೇಟಿನ ಮೇಲೆ ಅಚ್ಚು ಹಾಕಿಸಿಕೊಂಡು, ದೇಶವೆಲ್ಲ ತಿರುಗಿಸಿದಳು. ಇವತ್ತಿನ ನನ್ನ ಮಾತು ಮುಖ್ಯವಾಗಿ ಈ ಹೆಸರಿನ ಬಗ್ಗೆಯೇ.

ಉದ್ಘೋಷಕಿಯಾದ ನನಗೆ ಹೆಸರು ಎಂದರೆ ಸ್ವಲ್ಪ ಹೆಚ್ಚು ಮಮತೆ. ಹಾಡು ಮುಗಿದ ಮೇಲೆ ಹಾಡಿದವರ ಹೆಸರು ಹೇಳುವುದೇ ನಮ್ಮ ಕಸುಬು. ನಮ್ಮ ದೇಶದಲ್ಲಿ ಈ ಕಸುಬನ್ನು ಶುರುಮಾಡಿದವರು ಯಾರು ಗೊತ್ತೇ? ಗಾಯಕಿಯರೇ! 1902ರ ನವೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯವರು ಗೌಹರ್ ಜಾನ್ ಅವರ ಹಾಡುಗಳನ್ನು ಧ್ವನಿಮುದ್ರಿಸಿದರು. ಆಗ ಪ್ಲೇಟುಗಳು ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾವ ಪ್ಲೇಟು ಯಾರದ್ದೆಂದು ತಿಳಿಯಬೇಕಲ್ಲ? ಅದಕ್ಕಾಗಿ ಹಾಡಿನ ಕೊನೆಯಲ್ಲಿ ಗಾಯಕಿ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಹೇಳಿಬಿಡುತ್ತಿದ್ದರು. ಆ ಗೌಹರ್ ಜಾನ್ ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ಕಣ್ಣುಮುಚ್ಚಿದರು.

ಮುಂದೆ ಕಾಗದದ ಲೇಬಲ್ಲಿನ ಮೇಲೆ ಹೆಸರು ಅಚ್ಚಾಗತೊಡಗಿತು. ಆದರೆ ಯಾವ ಹೆಸರು ಅಚ್ಚಾಗಬೇಕು ಎಂಬುದು ಬೇರೆಯೇ ಪ್ರಶ್ನೆ. ನಮ್ಮ ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಪ್ಲೇಟುಗಳು ಬಂದದ್ದು ಗಾಂಧಾರಿ ಎಂಬ ಹೆಸರಿನಲ್ಲಿ. ಸಿನಿಮಾ ಹಾಡುಗಳ ಪ್ಲೇಟುಗಳಲ್ಲಂತೂ ಎಷ್ಟೋ ಸಲ ಗಾಯಕಿಯ ಹೆಸರಿನ ಬದಲು ಪಾತ್ರದ ಹೆಸರೇ ಇರುತ್ತಿತ್ತು. 1949ರ 'ಮಹಲ್' ಚಿತ್ರದ ಪ್ರಸಿದ್ಧ ಹಾಡು ಮೊದಲು ಬಂದಾಗ ಲೇಬಲ್ಲಿನ ಮೇಲಿದ್ದುದು ಲತಾ ಅವರ ಹೆಸರಲ್ಲ, ಕಾಮಿನಿ ಎಂಬ ಪಾತ್ರದ ಹೆಸರು. ಅಂಥ ಕಾಲದಲ್ಲಿ ಅಮೀರಬಾಯಿ ತನ್ನ ಹೆಸರನ್ನೂ ಬಿಡಲಿಲ್ಲ, ತನ್ನ ನಾಡಿನ ಹೆಸರನ್ನೂ ಬಿಡಲಿಲ್ಲ.

ಅವರ ಊರು ಬೀಳಗಿ. ಆಗ ಬಿಜಾಪುರ ಜಿಲ್ಲೆ, 1997ರಿಂದ ಈಚೆಗೆ ಬಾಗಲಕೋಟೆ ಜಿಲ್ಲೆ. ಕಳೆದ ಶತಮಾನದ ಆರಂಭದಲ್ಲಿ, ಸಂಗೀತ ಮತ್ತು ನಾಟಕವನ್ನೇ ನಂಬಿದ್ದ ಮುಸ್ಲಿಂ ಕುಟುಂಬದಲ್ಲಿ ಅವರು ಹುಟ್ಟಿದರು. ಐವರು ಅಕ್ಕತಂಗಿಯರಲ್ಲಿ ಹೆಸರು ಮಾಡಿದವರು ಇಬ್ಬರು: ಅಕ್ಕ ಗೌಹರಬಾಯಿ, ತಂಗಿ ಅಮೀರಬಾಯಿ. ಕಂಪನಿ ನಾಟಕಗಳ ಹವಾ ಜೋರಾಗಿದ್ದ ಸೀಮೆ ಅದು. ಕನ್ನಡದ ಜೊತೆಗೆ ಮರಾಠಿ ರಂಗಗೀತೆಗಳೂ ಕಿವಿಗೆ ಬೀಳುತ್ತಿದ್ದವು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ರಂಗದ ಮೇಲೆ ಮರಾಠಿ. ಇಷ್ಟೂ ಒಂದೇ ಕಿವಿಯಲ್ಲಿ ಕೂಡಿದರೆ ಎಂಥ ಗಾಯಕಿ ತಯಾರಾಗಬಹುದು, ಊಹಿಸಿಕೊಳ್ಳಿ.

ಹದಿನೈದರ ಆಸುಪಾಸಿನ ವಯಸ್ಸಿನಲ್ಲಿ ಅಮೀರಬಾಯಿ ಬೊಂಬಾಯಿಗೆ ಬಂದರು. ಇಲ್ಲಿ ಒಂದು ಸಂಗತಿ ನಾವು ಮುಂಬಯಿ ಕನ್ನಡಿಗರು ನೆನಪಿಡಬೇಕು. ಆಗ ಬಿಜಾಪುರ, ಧಾರವಾಡ, ಬೆಳಗಾವಿ, ಉತ್ತರ ಕನ್ನಡ ಜಿಲ್ಲೆಗಳೆಲ್ಲ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿದ್ದವು. ಬೀಳಗಿಯ ಹುಡುಗಿಗೆ ಬೊಂಬಾಯಿ ಪರರಾಜ್ಯವಲ್ಲ, ಅವಳದೇ ಪ್ರಾಂತ್ಯದ ರಾಜಧಾನಿ! ಬಾಗಲಕೋಟೆ, ಬಿಜಾಪುರದ ಮೇಲೆ ಹಾಯ್ದು ಹೊಟಗಿಗೆ ಹೋಗುವ ಮೀಟರ್‌ಗೇಜ್ ರೈಲು, ಅಲ್ಲಿಂದ ಸೊಲ್ಲಾಪುರದ ದಾರಿಯಲ್ಲಿ ದೊಡ್ಡ ಗಾಡಿ, ಕೊನೆಗೆ ಬೋರಿ ಬಂದರ್. ಇವತ್ತಿಗೂ ಬಾಗಲಕೋಟೆ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ಮುಂಬಯಿಗೆ ಬರುವವರು ಹಿಡಿಯುವುದು ಹೆಚ್ಚುಕಡಿಮೆ ಅದೇ ದಾರಿ. ನಾವು ಇಲ್ಲಿ ಕೂಟ ಸೇರಿದಾಗ ಕರಾವಳಿಯಿಂದ ಬಂದವರ ಸಂಖ್ಯೆ ಹೆಚ್ಚು. ಹೋಟೆಲು, ಬ್ಯಾಂಕು, ರಾತ್ರಿಶಾಲೆ ಎಂದು ನಮ್ಮ ಕಥೆ ಹೇಳಿಕೊಳ್ಳುತ್ತೇವೆ. ಸೊಲ್ಲಾಪುರದ ದಾರಿಯಲ್ಲಿ ಬಂದವರ ಕಥೆಯೂ ಮುಂಬಯಿ ಕನ್ನಡಿಗರ ಕಥೆಯೇ. ಅಮೀರಬಾಯಿ ಆ ದಾರಿಯಲ್ಲಿ ಬಂದವರು.

ಅಕ್ಕ ಗೌಹರಬಾಯಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಆ ಕಾಲದಲ್ಲಿ ಗೌಹರ್ ಎಂಬ ಹೆಸರಿನವರು ಮೂವರಿದ್ದರು, ಗಲಿಬಿಲಿ ಆಗಬಾರದು. ಒಬ್ಬರು ಈಗ ತಾನೇ ಹೇಳಿದ ಕಲ್ಕತ್ತೆಯ ಗೌಹರ್ ಜಾನ್. ಇನ್ನೊಬ್ಬರು ದಾದರಿನ ರಣಜಿತ್ ಸ್ಟುಡಿಯೋದ ತಾರೆ ಮಿಸ್ ಗೋಹರ್. ಮೂರನೆಯವರು ನಮ್ಮ ಬೀಳಗಿಯ ಗೌಹರಬಾಯಿ ಕರ್ನಾಟಕಿ. ಇವರು ಮರಾಠಿ ರಂಗಭೂಮಿಯ ದೈವವೆಂದೇ ಹೆಸರಾದ ಬಾಲಗಂಧರ್ವರ ಶೈಲಿಯನ್ನು ಕಿವಿಯಲ್ಲೇ ಕಲಿತು ಹಾಡುತ್ತಿದ್ದರು. 1938ರಲ್ಲಿ ಬಾಲಗಂಧರ್ವರ ನಾಟಕ ಮಂಡಳಿ ಸೇರಿದರು. ಸೀರೆಯುಟ್ಟು ನಿಂತರೆ ಹೆಂಗಸರೇ ನಾಚುವಂತೆ ಸ್ತ್ರೀಪಾತ್ರ ಮಾಡುತ್ತಿದ್ದ ಬಾಲಗಂಧರ್ವರು, ವಯಸ್ಸಾದ ಮೇಲೆ ಗಂಡುಪಾತ್ರಕ್ಕೆ ಬಂದಾಗ ಎದುರಿಗೆ ನಾಯಕಿಯಾಗಿ ನಿಂತವರು ಗೌಹರಬಾಯಿ. 1951ರಲ್ಲಿ ಇಬ್ಬರೂ ಮದುವೆಯಾದರು. ಬಾಲಗಂಧರ್ವರ ಅಭಿಮಾನಿಗಳಲ್ಲಿ ಎಷ್ಟೋ ಜನ ಇದನ್ನು ಸಹಿಸಲಿಲ್ಲ. ಅವರ ಕಷ್ಟಕ್ಕೆಲ್ಲ ಈಕೆಯೇ ಕಾರಣ ಎಂದು ದೂರಿದರು. ಆದರೆ ಕಾಲು ಸೋತ, ಕೈ ಬರಿದಾದ ಆ ಮಹಾನಟರ ಜೊತೆಗೆ 1964ರಲ್ಲಿ ತನ್ನ ಉಸಿರು ನಿಲ್ಲುವವರೆಗೂ ಇದ್ದವರು ಇದೇ ಗೌಹರಬಾಯಿ. ಬಾಲಗಂಧರ್ವರು ತೀರಿಕೊಂಡದ್ದು 1967ರಲ್ಲಿ.

ಈಗ ತಂಗಿಯ ಕಡೆ ಬರೋಣ. ಬೊಂಬಾಯಿಯಲ್ಲಿ ಎಚ್.ಎಂ.ವಿ. ಕಂಪನಿಯವರು ಅಮೀರಬಾಯಿಯ ಕಂಠ ಮೆಚ್ಚಿ ಒಂದು ಕವ್ವಾಲಿಯನ್ನು ಧ್ವನಿಮುದ್ರಿಸಿದರು. ಅದು ಜನರ ಬಾಯಲ್ಲಿ ಓಡಾಡಿತು. 1934ರಲ್ಲಿ 'ವಿಷ್ಣುಭಕ್ತಿ' ಚಿತ್ರದಲ್ಲಿ ಪಾತ್ರ ಸಿಕ್ಕಿತು. ಅದಕ್ಕೆ ಅಕ್ಕನ ಸಹಾಯವಿತ್ತು. ಆಗ ಸಿನಿಮಾಕ್ಕೆ ಮಾತು ಬಂದು ಮೂರೇ ವರ್ಷ. ಹಾಡಲು ಬಂದರೆ ಮಾತ್ರ ನಟಿ, ಮುಖ ಒಪ್ಪಿದರೆ ಮಾತ್ರ ಗಾಯಕಿ. ಒಬ್ಬರು ಹಾಡಿ ಇನ್ನೊಬ್ಬರು ತುಟಿಯಾಡಿಸುವ ಹಿನ್ನೆಲೆ ಗಾಯನ ಬಂದದ್ದು 1935ರ 'ಧೂಪ್ ಛಾಂವ್' ಚಿತ್ರದಿಂದ. ಅದು ಎಲ್ಲೆಡೆ ರೂಢಿಯಾಗಲು ಇನ್ನೂ ಕೆಲವು ವರ್ಷ ಬೇಕಾಯಿತು. ಹೀಗಾಗಿ ಅಮೀರಬಾಯಿ ನಟಿಸಿಕೊಂಡೇ ಹಾಡಿದರು.

ಅವರ ದನಿಯನ್ನು ಹೇಗೆ ವರ್ಣಿಸಲಿ? ತುಂಬಿದ ದನಿ. ಸ್ವಲ್ಪ ಮೂಗಿನ ಛಾಯೆ. ಮೈಕ್ ಇಲ್ಲದ ಕಾಲದ ನಾಟಕದಲ್ಲಿ ಕಟ್ಟಕಡೆಯ ಸಾಲಿನಲ್ಲಿ ಚಾಪೆ ಹಾಸಿ ಕೂತವನಿಗೂ ಕೇಳಿಸಬೇಕು ಎಂದು ಪಳಗಿದ ಕಂಠಗಳ ಸಂಪ್ರದಾಯ ಅದು. ಹಳೆಯ ಧ್ವನಿಮುದ್ರಣದ ಪದ್ಧತಿಗೂ ಅಂಥದೇ ಕಂಠ ಬೇಕಿತ್ತು. ಕಹಳೆಯಂಥ ಒಂದು ಕೊಳವೆಯೊಳಗೆ ಬಾಯಿಟ್ಟು ಗಟ್ಟಿಯಾಗಿ ಹಾಡಬೇಕು, ಆ ಶಬ್ದದ ಬಲಕ್ಕೇ ಸೂಜಿ ಅಲುಗಿ ಮೇಣದ ಮೇಲೆ ಗೆರೆ ಕೊರೆಯಬೇಕು. 1925ರ ನಂತರ ವಿದ್ಯುತ್ ಮೈಕ್ರೋಫೋನ್ ಬಂತು. ಮೆಲ್ಲಗೆ ಹಾಡಿದರೂ ಹಿಡಿದುಕೊಳ್ಳುವ ಯಂತ್ರ. ಅಮೀರಬಾಯಿಯ ದೊಡ್ಡಸ್ತಿಕೆ ನನಗೆ ಕಾಣುವುದು ಇಲ್ಲಿ. ರಂಗಗಾಯನದ ಬಲವನ್ನು ಬಿಡದೆ, ಮೈಕಿನ ಮುಂದೆ ದನಿ ಇಳಿಸಿ ಹಾಡುವುದನ್ನೂ ಕಲಿತರು. ಪ್ಲೇಟಿನ ಒಂದು ಬದಿಗೆ ಇರುವುದು ಮೂರು ನಿಮಿಷ ಚಿಲ್ಲರೆ. ಆಲಾಪಕ್ಕೆ ಜಾಗವಿಲ್ಲ, ವಿಸ್ತಾರಕ್ಕೆ ಸಮಯವಿಲ್ಲ. ಪಲ್ಲವಿಯ ಮೊದಲ ಪದಕ್ಕೇ ಕೇಳುವವನ ಮನಸ್ಸು ಹಿಡಿಯಬೇಕು. ಆ ವಿದ್ಯೆ ಅವರಿಗೆ ಒಲಿದಿತ್ತು.

1940ರಲ್ಲಿ ವಿಜಯ್ ಭಟ್ ಅವರ 'ನರಸೀ ಭಗತ್' ಬಂತು. ಅದರಲ್ಲಿ ಅಮೀರಬಾಯಿ ಪಾತ್ರವನ್ನೂ ಮಾಡಿದರು, ಹಾಡನ್ನೂ ಹಾಡಿದರು. ಆ ಕಾಲದ ಅವರ 'ವೈಷ್ಣವ ಜನತೋ' ಮನೆಮನೆಗೆ ತಲುಪಿತು. ಗಾಂಧೀಜಿಗೆ ಆ ಹಾಡುಗಾರಿಕೆ ಬಹಳ ಮೆಚ್ಚುಗೆಯಾಗಿತ್ತು ಎಂಬ ಮಾತು ಇಂದಿಗೂ ಪ್ರಚಲಿತದಲ್ಲಿದೆ. ನರಸಿಂಹ ಮೆಹತಾ ಗುಜರಾತಿನ ಸಂತಕವಿ, ಹಾಡಿದವರು ಬೀಳಗಿಯ ಮುಸ್ಲಿಂ ಹೆಣ್ಣುಮಗಳು. ಆಗ ಯಾರೂ ಅದನ್ನು ವಿಶೇಷವೆಂದು ಎತ್ತಿ ಆಡಲಿಲ್ಲ. ಹಾಡು ಚೆನ್ನಾಗಿತ್ತು, ಕೇಳಿದರು. ಮುಂದೆ 1946ರ 'ರಾಣಕದೇವಿ' ಎಂಬ ಗುಜರಾತಿ ಚಿತ್ರಕ್ಕೆ ಅವರು ಹಾಡಿದ, ನಲ್ಲನನ್ನು ತನ್ನ ಹಳ್ಳಿಗೆ ಕರೆಯುವ ಹಾಡನ್ನು ಗುಜರಾತಿ ಮನೆಗಳಲ್ಲಿ ಈಗಲೂ ಜಾನಪದ ಗೀತೆ ಎಂಬಂತೆ ಗುನುಗುತ್ತಾರೆ. ಘಾಟ್‌ಕೋಪರ್, ಮುಲುಂಡ್ ಕಡೆಯ ನಿಮ್ಮ ಗುಜರಾತಿ ಸ್ನೇಹಿತರನ್ನು ಒಮ್ಮೆ ಕೇಳಿ ನೋಡಿ.

ಆಮೇಲೆ ಬಂತು 1943. ಬಾಂಬೆ ಟಾಕೀಸ್‌ನ 'ಕಿಸ್ಮತ್'. ಗ್ಯಾನ್ ಮುಖರ್ಜಿ ಅವರ ನಿರ್ದೇಶನ, ಅನಿಲ್ ಬಿಸ್ವಾಸ್ ಅವರ ಸಂಗೀತ, ಕವಿ ಪ್ರದೀಪ್ ಅವರ ಗೀತೆಗಳು. ನಾಯಕ ಅಶೋಕ್ ಕುಮಾರ್, ನಾಯಕಿ ಮುಮ್ತಾಜ್ ಶಾಂತಿ. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರ ಒಂದರಲ್ಲೇ ಮೂರು ವರ್ಷಕ್ಕೂ ಮಿಕ್ಕಿ ಓಡಿದ ಚಿತ್ರ ಅದು. ಅದರ ಬಹುಪಾಲು ಹಾಡುಗಳ ದನಿ ಅಮೀರಬಾಯಿಯದು. ಮೋಡಕ್ಕೆ ಮೆಲ್ಲಗೆ ಬಾ ಎನ್ನುವ ಲಾಲಿಯಂಥ ಹಾಡು, ಊರಿಗೆಲ್ಲ ದೀಪಾವಳಿಯಿದ್ದರೂ ತನ್ನ ಮನೆಯಲ್ಲಿ ಕತ್ತಲೆ ಎಂದು ಮರುಗುವ ಹಾಡು, ದೇವರ ಮುಂದೆ ಮೊರೆಯಿಡುವ ಹಾಡು. ಲಾಲಿಯನ್ನೂ ಮೊರೆಯನ್ನೂ ಒಂದರ ಹಿಂದೆ ಒಂದು ಕೇಳಿದರೆ ನಾನು ಮೈಕಿನ ಬಗ್ಗೆ ಹೇಳಿದ ಮಾತು ನಿಮಗೇ ಅರ್ಥವಾಗುತ್ತದೆ. ಒಂದರಲ್ಲಿ ದನಿ ಕಿವಿಯ ಪಕ್ಕದಲ್ಲೇ ಇದೆ, ಇನ್ನೊಂದರಲ್ಲಿ ಗರ್ಭಗುಡಿಯ ಗೋಡೆಗೆ ತಾಗಿ ಬರುತ್ತಿದೆ.

ಇವೆಲ್ಲಕ್ಕಿಂತ ದೊಡ್ಡ ಸದ್ದು ಮಾಡಿದ್ದು, ಹಿಂದೂಸ್ತಾನ ನಮ್ಮದು, ಹೊರಗಿನವರು ದೂರ ಸರಿಯಿರಿ ಎನ್ನುವ ಗೀತೆ. ಖಾನ್ ಮಸ್ತಾನಾ ಮತ್ತು ವೃಂದದ ಜೊತೆ ಅಮೀರಬಾಯಿ ಅದನ್ನು ಹಾಡಿದರು. ಕಾಲವನ್ನು ನೆನಪಿಸಿಕೊಳ್ಳಿ. 1942ರ ಆಗಸ್ಟ್‌ನಲ್ಲಿ ಇದೇ ಮುಂಬಯಿಯ ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ 'ಭಾರತ ಬಿಟ್ಟು ತೊಲಗಿ' ಕರೆ ಹೊರಟಿತ್ತು. ನಾಯಕರೆಲ್ಲ ಜೈಲಿನಲ್ಲಿ. ಅಂಥ ಹೊತ್ತಿನಲ್ಲಿ ಬ್ರಿಟಿಷರ ಸೆನ್ಸಾರ್ ಇದನ್ನು ಹೇಗೆ ಬಿಟ್ಟಿತು? ಕವಿ ಪ್ರದೀಪ್ ಜಾಣತನ ಮಾಡಿದ್ದರು. ಯುದ್ಧ ನಡೆಯುತ್ತಿದ್ದುದರಿಂದ ಜರ್ಮನರನ್ನೂ ಜಪಾನಿಯರನ್ನೂ ಹೆಸರಿಸಿ ಎಚ್ಚರಿಸುವ ಮಾತು ಅದರಲ್ಲಿ ಸೇರಿಸಿದ್ದರು. ಕಾಗದದ ಮೇಲೆ ಅದು ಸರ್ಕಾರದ ಶತ್ರುಗಳಿಗೆ ಬೈದ ಹಾಡು. ಚಿತ್ರಮಂದಿರದಲ್ಲಿ ಕೂತ ಜನರಿಗೆ ಯಾರಿಗೆ ಬೈದದ್ದು ಎಂದು ಚೆನ್ನಾಗಿ ಗೊತ್ತಿತ್ತು!

ಚೆಂಬೂರಿನವರಿಗೆ ಒಂದು ಮಾತು. ಆ ಚಿತ್ರದ ನಾಯಕ ಅಶೋಕ್ ಕುಮಾರ್ ನಿಮ್ಮ ಊರಿನವರೇ. ಯೂನಿಯನ್ ಪಾರ್ಕಿನ ಮನೆಯಲ್ಲಿ ದಶಕಗಳ ಕಾಲ ಬಾಳಿ, 2001ರ ಡಿಸೆಂಬರ್ 10ರಂದು ಇಲ್ಲೇ ತೀರಿಕೊಂಡರು. ಆರ್.ಕೆ. ಸ್ಟುಡಿಯೋ ಎಂದ ಕೂಡಲೇ ಚೆಂಬೂರಿನ ಸಿನಿಮಾ ನಂಟು ಎಲ್ಲರಿಗೂ ನೆನಪಾಗುತ್ತದೆ. ಆ ಸ್ಟುಡಿಯೋಗೆ 2017ರಲ್ಲಿ ಬೆಂಕಿ ಬಿತ್ತು, ಮುಂದೆ ಜಾಗ ಮಾರಾಟವಾಯಿತು. ಆದರೆ ಅದಕ್ಕೂ ಹಿಂದಿನ ಕಾಲದ ಎಳೆಯೊಂದು ಇದೇ ಬಡಾವಣೆಯಲ್ಲಿ ಇತ್ತು ಎಂಬುದು ಅಷ್ಟು ಜನಕ್ಕೆ ಗೊತ್ತಿಲ್ಲ.

'ಕಿಸ್ಮತ್' ಆದ ಮೇಲೆ ಅಮೀರಬಾಯಿಗೆ ಬಿಡುವೇ ಇರಲಿಲ್ಲ. 1944ರಲ್ಲಿ ನೌಷಾದ್ ಅವರ 'ರತನ್' ಬಂತು. ಅದರಲ್ಲಿ ಜೊಹ್ರಾಬಾಯಿ ಅಂಬಾಲೆವಾಲಿ ಹಾಡಿದರು, ನಮ್ಮ ಅಮೀರಬಾಯಿಯೂ ಹಾಡಿದರು. ನೋಡಿ, ಒಬ್ಬರು ಅಂಬಾಲೆಯನ್ನು ಹೆಸರಿಗೆ ಕಟ್ಟಿಕೊಂಡವರು, ಇನ್ನೊಬ್ಬರು ಕರ್ನಾಟಕವನ್ನು. ಅದೇ ವರ್ಷ ಖೇಮಚಂದ್ ಪ್ರಕಾಶ್ ಅವರ 'ಭರ್ತೃಹರಿ'. ರಾಜ್ಯ ಬಿಟ್ಟು ಜೋಗಿಯಾದ ರಾಜ ತನ್ನ ರಾಣಿಯ ಬಾಗಿಲಿಗೇ ಬಂದು ಭಿಕ್ಷೆ ಬೇಡುತ್ತಾನೆ. ಆ ಸನ್ನಿವೇಶಕ್ಕೆ ಸುರೇಂದ್ರ ಮತ್ತು ಅಮೀರಬಾಯಿ ಹಾಡಿದ ಯುಗಳಗೀತೆ ಕೇಳಿ ಅತ್ತವರು ಎಷ್ಟೋ ಮಂದಿ. ಉತ್ತರ ಕರ್ನಾಟಕದ ಬಯಲಾಟ, ನಾಟಕ ನೋಡಿ ಬೆಳೆದವರಿಗೆ ಇಂಥ ಸನ್ನಿವೇಶ ಹೊಸದಲ್ಲ. ಆ ನೋವನ್ನು ಹೇಗೆ ಹಾಡಬೇಕೆಂಬುದು ಅಮೀರಬಾಯಿಗೆ ರಕ್ತದಲ್ಲೇ ಬಂದಿತ್ತು.

1947ರ ಆಗಸ್ಟ್ 15. ಅದೇ ದಿನ ಸಿ. ರಾಮಚಂದ್ರ ಸಂಗೀತದ 'ಶೆಹನಾಯಿ' ತೆರೆಕಂಡಿತು. ಅದರಲ್ಲೂ ಅಮೀರಬಾಯಿಯ ಹಾಡಿತ್ತು. ಹೊರಗಿನವರಿಗೆ ದೂರ ಸರಿಯಿರಿ ಎಂದು ನಾಲ್ಕು ವರ್ಷ ಹಿಂದೆ ಹಾಡಿದ ದನಿ, ಅವರು ಸರಿದ ದಿನವೇ ಹೊಸ ಚಿತ್ರದಲ್ಲಿ ಮತ್ತೆ ಕೇಳಿಸಿತು. ಮರುವರ್ಷ, 1948ರಲ್ಲಿ, 'ಶೆಹನಾಜ್' ಚಿತ್ರಕ್ಕೆ ಅಮೀರಬಾಯಿ ತಾವೇ ಸಂಗೀತ ನಿರ್ದೇಶನ ಮಾಡಿದರು. ಜದ್ದನ್‌ಬಾಯಿ, ಬಾಂಬೆ ಟಾಕೀಸ್‌ನ ಸರಸ್ವತಿ ದೇವಿ, ಹೀಗೆ ಅದುವರೆಗೆ ಹಿಂದಿ ಚಿತ್ರಗಳಿಗೆ ಸಂಗೀತ ಕೊಟ್ಟ ಹೆಂಗಸರನ್ನು ಬೆರಳಲ್ಲಿ ಎಣಿಸಬಹುದಿತ್ತು. ಆ ಬೆರಳೆಣಿಕೆಯಲ್ಲಿ ಒಂದು ಬೆರಳು ಕನ್ನಡತಿಯದು.

ಹಾಡಿನಲ್ಲಿ ಸಿಕ್ಕ ಸುಖ ಸಂಸಾರದಲ್ಲಿ ಸಿಗಲಿಲ್ಲ. ಖಳಪಾತ್ರಗಳಿಗೆ ಹೆಸರಾಗಿದ್ದ ನಟ ಹಿಮಾಲಯವಾಲಾ ಅವರ ಮೊದಲ ಪತಿ. ಆ ದಾಂಪತ್ಯದಲ್ಲಿ ಅವರು ಬಹಳ ನೊಂದರು, ಕೊನೆಗೆ ಅದರಿಂದ ಬಿಡಿಸಿಕೊಂಡು ಹೊರಬಂದರು. ದೇಶ ವಿಭಜನೆಯ ನಂತರ ಹಿಮಾಲಯವಾಲಾ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಚಿತ್ರಗಳಲ್ಲಿ ನಟಿಸಿದರು. ಅಮೀರಬಾಯಿ ಇಲ್ಲೇ ಉಳಿದರು. ಮುಂದೆ 'ಪಾರಸ್' ಪತ್ರಿಕೆಯ ಸಂಪಾದಕರಾಗಿದ್ದ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾದರು. ದೇಶದ ತುಂಬ ಹೆಸರಿದ್ದ ಹೆಣ್ಣಿಗೂ ಮನೆಯೊಳಗೆ ಇಂಥ ಪಾಡು ತಪ್ಪಲಿಲ್ಲ ಎಂಬುದು ಯೋಚಿಸಬೇಕಾದ ವಿಷಯ. ಲೇಬಲ್ಲಿನ ಮೇಲೆ ಅಚ್ಚಾದ ಹೆಸರು ನಾಲ್ಕು ಗೋಡೆಗಳ ಒಳಗೆ ಕಾಯಲಿಲ್ಲ. ಆದರೂ ಹಾಡು ನಿಲ್ಲಲಿಲ್ಲ, ಹೆಸರು ಬದಲಾಗಲಿಲ್ಲ. ಎರಡು ಮದುವೆಗಳ ನಂತರವೂ ಅವರು ಕರ್ನಾಟಕಿಯೇ.

1948, 49ರ ಹೊತ್ತಿಗೆ ಗಾಳಿ ಬದಲಾಯಿತು. 'ಮಹಲ್', 'ಬರಸಾತ್', 'ಅಂದಾಜ್' ಚಿತ್ರಗಳು ಒಂದೇ ವರ್ಷದಲ್ಲಿ ಬಂದು ಲತಾ ಮಂಗೇಶ್ಕರ್ ಅವರ ತೆಳುವಾದ, ಬೆಳ್ಳಿಯ ತಂತಿಯಂಥ ದನಿ ಎಲ್ಲರ ಕಿವಿ ತುಂಬಿತು. ಸಂಗೀತ ನಿರ್ದೇಶಕರ ವಾದ್ಯವೃಂದ ದೊಡ್ಡದಾಯಿತು, ಮೈಕುಗಳು ಸೂಕ್ಷ್ಮವಾದವು, ನಾಯಕಿಯೆಂದರೆ ಎಳೆಯ ದನಿಯೇ ಬೇಕು ಎಂಬ ರೂಢಿ ಬಂತು. ತುಂಬಿದ ಕಂಠಗಳು ಒಂದೊಂದಾಗಿ ಹಿಂದೆ ಸರಿದವು. ಇದನ್ನು ಯಾರೋ ಯಾರದೋ ಅನ್ನ ಕಿತ್ತುಕೊಂಡ ಕಥೆಯಾಗಿ ಹೇಳುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಅದಕ್ಕೆ ಒಂದು ಪ್ಲೇಟೇ ಸಾಕ್ಷಿ. 1950ರ 'ಸಮಾಧಿ' ಚಿತ್ರದಲ್ಲಿ ಸಿ. ರಾಮಚಂದ್ರ ಅವರು ವಿದೇಶಿ ಕುಣಿತದ ಧಾಟಿಯಲ್ಲಿ ಒಂದು ಹಾಡು ಮಾಡಿದರು. ಗೌರವರ್ಣದ ಚೆಲುವನನ್ನು ಬೀದಿಗೆ ಕರೆಯುವ ಆ ತುಂಟ ಹಾಡು ಇಂದಿನ ಮದುವೆ ಮನೆಗಳಲ್ಲೂ ಬಾರಿಸುತ್ತದೆ. ಅದನ್ನು ಹಾಡಿದವರು ಲತಾ ಮತ್ತು ಅಮೀರಬಾಯಿ, ಇಬ್ಬರೂ ಕೂಡಿ. ಹೋಗುತ್ತಿರುವ ಕಾಲ, ಬರುತ್ತಿರುವ ಕಾಲ ಒಂದೇ ಮೈಕಿನ ಮುಂದೆ ನಕ್ಕುಕೊಂಡು ಹಾಡಿದಂತಿದೆ. ಹಿಂದಿನ ಸಾಲಿನ ಯುವಕರೇ, ಅಮೀರಬಾಯಿಯ ದನಿ ನೀವೂ ಕೇಳಿದ್ದೀರಿ. ಹೆಸರು ಗೊತ್ತಿರಲಿಲ್ಲ, ಅಷ್ಟೇ.

ಪರದೆಯ ಮೇಲೆ ಆ ಹಾಡಿಗೆ ಕುಣಿದವರು ನಳಿನಿ ಜಯವಂತ್ ಮತ್ತು ಕುಲದೀಪ್ ಕೌರ್. ಇಲ್ಲೂ ಚೆಂಬೂರಿನ ನಂಟಿದೆ. ನಳಿನಿ ಜಯವಂತ್ ಅವರ ಮನೆಯೂ ಯೂನಿಯನ್ ಪಾರ್ಕಿನಲ್ಲೇ. ಒಂದು ಕಾಲಕ್ಕೆ ದೇಶವೇ ಮೆಚ್ಚಿದ ಆ ನಟಿ ಕಡೆಗಾಲದಲ್ಲಿ ಯಾರ ಸಂಪರ್ಕವೂ ಬೇಡವೆಂಬಂತೆ ಬದುಕಿ, 2010ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅಕ್ಕಪಕ್ಕದವರಿಗೂ ತಡವಾಗಿ ತಿಳಿಯಿತು. ಮರೆವು ಎಂಬುದು ಒಬ್ಬರಿಗೆ ಮಾತ್ರ ಬರುವ ರೋಗವಲ್ಲ.

ಐವತ್ತರ ದಶಕದಲ್ಲಿ ಅಮೀರಬಾಯಿ ಹೆಚ್ಚಾಗಿ ಪೋಷಕ ಪಾತ್ರಗಳಲ್ಲಿ ಕಾಣಿಸಿಕೊಂಡರು. ಬಿಜಾಪುರದಲ್ಲಿ ಸೋದರಿಯರು ಕಟ್ಟಿಸಿದ ಅಮೀರ್ ಟಾಕೀಸ್ ಅವರ ಹೆಸರನ್ನು ಊರಲ್ಲಿ ನಿಲ್ಲಿಸಿತು. ಕೊನೆಗೆ ಪಾರ್ಶ್ವವಾಯು ಬಡಿಯಿತು. ಕೆಲವೇ ದಿನಗಳಲ್ಲಿ, 1965ರ ಮಾರ್ಚ್ 3ರಂದು, ಅವರು ತೀರಿಕೊಂಡರು. ಮಣ್ಣಾದದ್ದು ತಮ್ಮ ಬಿಜಾಪುರದ ನೆಲದಲ್ಲಿ.

ಈಗ ಮತ್ತೆ ಆ ಹೆಸರಿಗೆ ಬರೋಣ. ಅಮೀರಬಾಯಿ ಹಾಡಲು ಶುರುಮಾಡಿದಾಗ ಕನ್ನಡ ನಾಡು ಬೊಂಬಾಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಕರ್ನಾಟಕ ಎಂಬುದು ನಕ್ಷೆಯಲ್ಲಿ ಇರಲಿಲ್ಲ. ಧಾರವಾಡದ ವಿದ್ಯಾವರ್ಧಕ ಸಂಘದವರು, ಆಲೂರು ವೆಂಕಟರಾಯರು, ಅವರಂಥ ಹಿರಿಯರು ಅದಕ್ಕಾಗಿ ಬರೆಯುತ್ತಿದ್ದರು, ಸಭೆ ಸೇರಿಸುತ್ತಿದ್ದರು. ಆ ಹೋರಾಟ ದೊಡ್ಡದು. ಅದೇ ಹೊತ್ತಿನಲ್ಲಿ, ಯಾವ ಸಭೆಯಲ್ಲೂ ಭಾಷಣ ಮಾಡದೆ, ಇಬ್ಬರು ಸೋದರಿಯರು ತಮ್ಮ ಹೆಸರಿನ ಮುಂದೆ ಕರ್ನಾಟಕಿ ಎಂದು ಬರೆಸಿಕೊಂಡರು. ಲಾಹೋರಿನ ಅಂಗಡಿಯಲ್ಲಿ, ಕಲ್ಕತ್ತೆಯ ಬಂಗಲೆಯಲ್ಲಿ, ಕರಾಚಿಯ ಚಹಾದಂಗಡಿಯಲ್ಲಿ ಅವರ ಪ್ಲೇಟು ತಿರುಗಿದಾಗಲೆಲ್ಲ ಆ ಪದವೂ ನಿಮಿಷಕ್ಕೆ 78 ಸುತ್ತು ತಿರುಗಿತು. 1956ರಲ್ಲಿ ರಾಜ್ಯ ಒಂದಾಯಿತು, ಹೆಸರು ಮಾತ್ರ ಮೈಸೂರು ಎಂದೇ ಉಳಿಯಿತು. ಕರ್ನಾಟಕ ಎಂದಾಗಲು ಇನ್ನೂ ಹದಿನೇಳು ವರ್ಷ ಬೇಕಾಯಿತು. ಅದನ್ನು ನೋಡಲು ಅಮೀರಬಾಯಿ ಇರಲಿಲ್ಲ. ಅಂದರೆ, ಕರ್ನಾಟಕ ಎಂಬ ಹೆಸರಿನ ರಾಜ್ಯದಲ್ಲಿ ಒಂದು ದಿನವೂ ಬಾಳದೆ, ಬಾಳಿನುದ್ದಕ್ಕೂ ಕರ್ನಾಟಕಿಯಾಗಿ ಬಾಳಿದವರು ಅವರು.

ಇಂಥವರನ್ನು ನಾವು ಯಾಕೆ ಅಷ್ಟು ಸುಲಭವಾಗಿ ಮರೆತೆವು? ಅವರ ಹಾಡು ಹೆಚ್ಚಾಗಿ ಹಿಂದಿಯಲ್ಲಿತ್ತು ಎಂಬುದು ಒಂದು ಕಾರಣ. ಸಿನಿಮಾ, ನಾಟಕದ ಹೆಂಗಸರ ಬಗ್ಗೆ ಮರ್ಯಾದಸ್ಥರು ಮಾತಾಡಬಾರದು ಎಂಬ ಹಳೆಯ ಮಡಿ ಇನ್ನೊಂದು ಕಾರಣ. ಮುಂಬಯಿಯವರು ಬಿಜಾಪುರದವಳೆಂದರು, ಬಿಜಾಪುರದವರು ಮುಂಬಯಿಗೆ ಹೋದವಳೆಂದರು. ನಡುವೆ ಬಿದ್ದವರಿಗೆ ಯಾರ ಪಟ್ಟಿಯಲ್ಲೂ ಜಾಗ ಸಿಗುವುದಿಲ್ಲ. ಹೊರನಾಡಿನಲ್ಲಿರುವ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ, ಅಲ್ಲವೇ? 'ಕನ್ನಡ ಕೋಗಿಲೆ' ಎಂಬ ಬಿರುದು ಅವರಿಗಿತ್ತು. ರಹಮತ್ ತರೀಕೆರೆ ಅವರು ಕನ್ನಡದಲ್ಲಿ ಅಮೀರಬಾಯಿಯ ಜೀವನಚರಿತ್ರೆ ಬರೆದು ಈ ಋಣವನ್ನು ಸ್ವಲ್ಪ ತೀರಿಸಿದ್ದಾರೆ. ಸಿಕ್ಕರೆ ದಯವಿಟ್ಟು ಓದಿ.

ಹಳೆಯ ಹಾಡುಗಳನ್ನು ಉಳಿಸಿದ್ದರಲ್ಲಿ ರೇಡಿಯೋದ ಪಾಲೂ ಇದೆ. 1952ರಲ್ಲಿ ಆಕಾಶವಾಣಿ ಸಿನಿಮಾ ಹಾಡುಗಳಿಗೆ ಕಡಿವಾಣ ಹಾಕಿದಾಗ ಕೇಳುಗರು ರೇಡಿಯೋ ಸಿಲೋನ್ ಕಡೆ ಮುಳ್ಳು ತಿರುಗಿಸಿದರು. 1957ರಲ್ಲಿ ವಿವಿಧ ಭಾರತಿ ಶುರುವಾದ ಮೇಲೆ ಹಾಡು ಮನೆಗೆ ಮರಳಿತು. ಅಲ್ಲಿಯ 'ಭೂಲೇ ಬಿಸರೇ ಗೀತ್' ಕಾರ್ಯಕ್ರಮದಲ್ಲಿ ಎಷ್ಟೋ ಬೆಳಗು ನಮ್ಮ ಕಿವಿಗೆ ಕರ್ನಾಟಕಿ ಎಂಬ ಹೆಸರು ಬಿದ್ದಿದೆ. ಈಗ ಹಾಡು ಮೊಬೈಲಿನಲ್ಲಿ ಒಂದು ಬೆರಳಿಗೆ ಸಿಗುತ್ತದೆ, ಒಳ್ಳೆಯದೇ. ಆದರೆ ಎಷ್ಟೋ ಕಡೆ ಚಿತ್ರದ ಹೆಸರು, ನಟಿಯ ಹೆಸರು ಇರುತ್ತದೆ, ಹಾಡಿದವರ ಹೆಸರು ಇರುವುದಿಲ್ಲ. ಇದ್ದರೂ ಬರಿಯ ಅಮೀರಬಾಯಿ ಎಂದು ಅರ್ಧಕ್ಕೇ ನಿಲ್ಲಿಸಿರುತ್ತಾರೆ. ನಾವು ಉದ್ಘೋಷಕರು ಆ ಹೆಸರನ್ನು ಪೂರ್ತಿ ಹೇಳಬೇಕು. ಅವಸರದಲ್ಲಿ ಒಂದು ಪದ ಉಳಿಸಿದರೆ ಅರ್ಧ ಸೆಕೆಂಡು ಉಳಿಯಬಹುದು, ಒಂದು ಚರಿತ್ರೆ ಹೋಗುತ್ತದೆ.

ಕೇಳುಗರಾದ ನಿಮ್ಮಲ್ಲೂ ಒಂದು ಕೋರಿಕೆ. ಚೆಂಬೂರು, ತಿಲಕನಗರ, ಸುಭಾಷನಗರ, ಎಲ್ಲಿ ನೋಡಿದರೂ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ಕೆಲಸ. ಮನೆ ಖಾಲಿ ಮಾಡುವಾಗ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ. ಅದರಲ್ಲಿ ಅಜ್ಜನ ಕಾಲದ ಕಪ್ಪು ಪ್ಲೇಟುಗಳಿದ್ದರೆ ಭಂಗಾರದವನ ತಕ್ಕಡಿಗೆ ಹಾಕುವ ಮುನ್ನ ಒಮ್ಮೆ ಲೇಬಲ್ ಓದಿ. 78 ಸುತ್ತಿನ ಆ ಪ್ಲೇಟುಗಳು ಪ್ಲಾಸ್ಟಿಕ್ ಅಲ್ಲ, ಅರಗು. ಮಹಾಭಾರತದ ಅರಗಿನ ಮನೆಯ ಅರಗೇ. ಅದಕ್ಕೇ ಕೈಜಾರಿದರೆ ಗಾಜಿನ ಹಾಗೆ ಒಡೆಯುತ್ತದೆ. ಸ್ಪಿರಿಟ್ ಹಾಕಿ ಒರೆಸಬೇಡಿ, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಮೆತ್ತನೆಯ ಒಣಬಟ್ಟೆ ಸಾಕು. ಒಂದರ ಮೇಲೊಂದು ಪೇರಿಸದೆ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿಡಿ. ಎಲ್.ಪಿ. ರೆಕಾರ್ಡಿನ ಸೂಜಿಯಲ್ಲಿ ಬಾರಿಸಬೇಡಿ, ಇದರ ಗೆರೆ ಅಗಲ, ಸೂಜಿಯೂ ಬೇರೆ. ಲೇಬಲ್ಲಿನ ಒಂದು ಫೋಟೋ ತೆಗೆದು, ಅದರಲ್ಲಿರುವ ಹೆಸರು ಮತ್ತು ನಂಬರನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಮನೆಯ ಮಕ್ಕಳಿಗೆ ಒಮ್ಮೆ ಓದಿ ಹೇಳಿ. ಅಷ್ಟು ಮಾಡಿದರೆ ಸಾಕು, ಪ್ಲೇಟು ಒಡೆದರೂ ಹೆಸರು ಉಳಿಯುತ್ತದೆ.

ನನ್ನ ಮಾತು ಮುಗಿಯಿತು. ಈಗ ಹಾಡು ಕೇಳೋಣ. ಮೋಡವನ್ನು ಮೆಲ್ಲಗೆ ಬರಹೇಳುವ ಹಾಡು. ಚಿತ್ರ 'ಕಿಸ್ಮತ್', ವರ್ಷ 1943, ಸಂಗೀತ ಅನಿಲ್ ಬಿಸ್ವಾಸ್, ಗೀತರಚನೆ ಪ್ರದೀಪ್. ಹಾಡಿದವರು ಬೀಳಗಿಯ ಅಮೀರಬಾಯಿ ಕರ್ನಾಟಕಿ.